ನಾಲ್ಕು ದಿನ ತಡವಾಗಿ ಬಂದ ಮುದುಕಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೈಗೆ ನಂಜೇರಿ ಬಂದ ಒಬ್ಬ ಮುದುಕಿಯ ಎದುರು ನಮ್ಮ ದವಾಖಾನೆಯ ಆರು ಜನ ನರ್ಸ್ ವಿದ್ಯಾರ್ಥಿನಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆ ಕಲಿಸಿಕೊಟ್ಟವನು ನಾನು. ಕಲಿಸಿದ್ದಕ್ಕೆ ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡಿದ್ದೆ.

ದೆವ್ವ, ಗಾಳಿ, ಮೈದುಂಬುವುದು ಇವನ್ನೆಲ್ಲ ನಾನು ನಂಬಿದವನಲ್ಲ. ನಂಬುವುದಿರಲಿ, ಅವುಗಳ ನಕಲಿ ಮಾಡಿ ತೋರಿಸಿದವನು. ಸೇಡಂನಲ್ಲಿ ನಮ್ಮ ಓಣಿಯ ಮುದುಕಿಗೆ ಮೈದುಂಬಿದ ಮರುದಿನವೇ ಅವಳ ಹಾಗೆ ಕೂದಲು ಕೆದರಿ ಕುಣಿದು, ಅವಳ ಮಗನಿಂದ ಬೆನ್ನ ಮೇಲೆ ಎರಡು ತಿಂದಿದ್ದೆ. ತಹಸೀಲ್ದಾರರ ಕೆಮ್ಮು, ಮಾಸ್ತರರ ಗೊರಕೆ, ವಾಡಿ ಸ್ಟೇಶನ್ನಿನ ಚಹಾದವನ ಕೂಗು, ಎಲ್ಲ ನನ್ನ ಗಂಟಲಲ್ಲಿದ್ದವು. ಬರದಿದ್ದ ದನಿ ಒಂದೇ, ನನ್ನದು. ನಮ್ಮವ್ವ ಒಲೆಯ ಮುಂದಿನಿಂದಲೇ, "ಈಗ ಮಾತಾಡಿದಾಂವ ನೀನೋ, ನಿಮ್ಮಪ್ಪನೋ? ರೊಟ್ಟಿ ಯಾರಿಗಿ ಹಚ್ಚಲಿ?" ಎಂದು ಕೇಳುತ್ತಿದ್ದಳು.

ನಿಜಾಮನ ರಾಜ್ಯ ಮುಗಿದು ಮೂರು-ನಾಲ್ಕು ವರ್ಷವಾಗಿತ್ತು. ಶಹಾಬಾದಿನ ಒಂದು ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ ನನಗೆ ಸಿಕ್ಕಿತ್ತು. ಅಲ್ಲಿಗೇ ಆರು ಹುಡುಗಿಯರು ನರ್ಸ್ ಕೆಲಸ ಕಲಿಯಲು ಬಂದರು. ಅವರ ಗುರು ಸುಶೀಲಾಬಾಯಿ ಸಿಸ್ಟರ್, ಪುಣೆ ಕಡೆಯ ವಿಧವೆ. ಕಲಿಸಲು ಮೇಲಿನವರು ಹುಲ್ಲು ತುಂಬಿದ ಒಂದು ಗೊಂಬೆ ಕಳಿಸಿದ್ದರು. ಸಿಸ್ಟರ್ ಅದನ್ನು ಒಂದೇ ವಾರ ನೋಡಿದರು. "ಈ ಗೊಂಬಿ ನಾಚಂಗಿಲ್ಲ, ಅಂಜಂಗಿಲ್ಲ, ಜಗಳ ತಗ್ಯಂಗಿಲ್ಲ. ಇದರ ಮ್ಯಾಲ ಕಲಿತರ ಮನಷ್ಯಾರನ್ನೂ ಗೊಂಬಿ ಅಂತ ತಿಳಕೋತಾರ" ಎಂದು ಅದನ್ನು ಮೂಲೆಗೆ ನಿಲ್ಲಿಸಿ ನನ್ನನ್ನು ಮಂಚದ ಮೇಲೆ ಮಲಗಿಸಿದರು. "ಏ ನಕಲಿ, ಪೇಶಂಟ ಆಗು."

ನನಗೆ ಇನ್ನೇನು ಬೇಕು! ಒಂದು ದಿನ ಗೋಷೆಯ ಬೀಬಿಯಾದೆ. ಮುಸುಕು ತೆಗೆಯುವ ಮೊದಲು ಅವಳ ಅತ್ತೆಯನ್ನು ಕೇಳಬೇಕು, ಗಂಡಸರನ್ನು ಹೊರಗೆ ಕಳಿಸಬೇಕು. ಒಂದು ದಿನ ವಾಡಿಯ ರೈಲಿನವನಾದೆ. ಅವನು ತನ್ನ ಚೆಂಬಿನ ನೀರೇ ಕುಡಿಯುವವನು. ಮತ್ತೊಂದು ದಿನ ಲಿಂಗವಂತ ಗೌಡ. ಮೈ ಒರೆಸುವಾಗ ಕೊರಳ ದಾರಕ್ಕೆ ಕೈ ಹಾಕಿದರೆ ಎದ್ದು ಕೂತು ಕೂಗಾಡುವವನು. ಸಿಸ್ಟರ್ ಹೇಳಿಕೊಟ್ಟಿದ್ದು ಒಂದೇ ಮಾತು: ಮೊದಲು ಕೇಳು, ಆಮೇಲೆ ಮುಟ್ಟು. ಹುಡುಗಿಯರು ಅದನ್ನು ಕಲಿತರು. ಜೊತೆಗೆ ನನ್ನ ಕಡೆಯಿಂದ ನಗುವುದನ್ನೂ ಕಲಿತರು.

ಆ ಸೋಮವಾರ ಮಧ್ಯಾಹ್ನ ನಾನು ಒಬ್ಬ ಹಳ್ಳಿಯ ಮುದುಕಿಯಾದೆ. ಯಾರನ್ನೂ ನೋಡಿ ಮಾಡಿದ್ದಲ್ಲ, ಅಲ್ಲೇ ಹುಟ್ಟಿಸಿದ್ದು. ತಲೆಗೆ ಟವೆಲು ಹೊದ್ದುಕೊಂಡು ಎಡಗೈ ಮುಷ್ಟಿ ಬಿಗಿಹಿಡಿದೆ. ಸುಲೇಪೇಟದ ಕಮಲಾ ನಾಡಿ ನೋಡಲು ಬಂದಳು. ಮುಷ್ಟಿಯಲ್ಲಿ ಎಲೆ ಅಡಕೆ ಇದೆ, ನಿಮ್ಮ ಸಿಸ್ಟರ್‌ಗೆ ಹೇಳಬೇಡ ಎನ್ನುವುದು ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತು. ಬಾಯಿಂದ ಬಂದದ್ದು ಬೇರೆ.

"ಬೆರಳಿಗಿ ಕೈ ಹಚ್ಚಬ್ಯಾಡ್ರೆವ್ವಾ. ಇದರಾಗ ನನ್ನ ಮಗ ಮಲಗ್ಯಾನ."

ಹುಡುಗಿಯರು ಹೋ ಎಂದು ನಕ್ಕರು. ನಗೆ ಸಿಕ್ಕಿದ ಮೇಲೆ ನಾನು ಬಿಡುವವನೇ? ತುಟಿಗೆ ಬೆರಳಿಟ್ಟು, "ಎದ್ರ ಉಣ್ಲಾಕ ಕೇಳ್ತಾನ. ಮನ್ಯಾಗ ಏನೂ ಮಾಡಿಲ್ಲ" ಎಂದೆ. ಕಮಲಾ ನನ್ನ ಕಂಕುಳಿಗೆ ಕಚಗುಳಿ ಇಟ್ಟು ಮುಷ್ಟಿ ಬಿಡಿಸಿದಳು. ಏನೂ ಇರಲಿಲ್ಲ. ಚಪ್ಪಾಳೆ. ಸಿಸ್ಟರ್ ಮಾತ್ರ ನಗಲಿಲ್ಲ. "ಕೇಳದೇ ಬಿಚ್ಚಿದ್ಯಲ್ಲ, ಕಮಲಾ" ಎಂದಷ್ಟೇ ಹೇಳಿ ಹೊರಟುಹೋದರು.

ಶುಕ್ರವಾರ ಬೆಳಿಗ್ಗೆ ಗುಂಡಗುರ್ತಿ ಕಡೆಯಿಂದ ಒಂದು ಎತ್ತಿನ ಗಾಡಿ ಬಂತು. ಅದರಲ್ಲಿ ಗುರಮ್ಮ ಎಂಬ ಮುದುಕಿ, ಹೊಡೆದುಕೊಂಡು ಬಂದವನು ಅವಳ ತಮ್ಮನ ಮಗ. ಮೈ ಕಾದ ಹಂಚಾಗಿತ್ತು. ಎಡಗೈ ಮೊಣಕೈತನಕ ಬಾತಿತ್ತು. ಮುಷ್ಟಿ ಬಿಗಿದಿತ್ತು, ಬೆರಳ ಸಂದಿಯಿಂದ ಕೀವು ಒಸರುತ್ತಿತ್ತು. ಡಾಕ್ಟರು ನೋಡಿ, "ಇವತ್ತೇ ಕೈ ಬಿಡಿಸಿ ಕೊಯ್ಯಬೇಕು. ನಾಳೆಗಾದರೆ ಕೈ ಹೋಗುತ್ತದೆ, ನಾಡಿದ್ದಿಗೆ ಜೀವ" ಎಂದು ತಯಾರಿ ಮಾಡಲು ಹುಡುಗಿಯರಿಗೆ ಹೇಳಿ ಒಳಗೆ ಹೋದರು. ಕಮಲಾ ಬಿಸಿನೀರಿನ ಬೋಗುಣಿ ತಂದಳು. ನಾನು ಬಾಗಿಲಲ್ಲಿ ಪಟ್ಟಿ ಸುತ್ತುತ್ತ ನಿಂತಿದ್ದೆ.

ಮುದುಕಿ ಕೈ ಹಿಂದಕ್ಕೆಳೆದುಕೊಂಡು ಅಂದಳು: "ಬೆರಳಿಗಿ ಕೈ ಹಚ್ಚಬ್ಯಾಡ್ರೆವ್ವಾ. ಇದರಾಗ ನನ್ನ ಮಗ ಮಲಗ್ಯಾನ."

ಕಮಲಾ ತಿರುಗಿ ನನ್ನನ್ನು ನೋಡಿದಳು. ನಾನೇ ದನಿ ಹಾರಿಸಿದೆ ಎಂದುಕೊಂಡಿದ್ದಳಂತೆ. ಒಬ್ಬಳು ಕಿಸಕ್ಕೆಂದಳು, ಮರುಕ್ಷಣ ಆರೂ ಜನ. ನಾನು ಪಟ್ಟಿ ಸುತ್ತುವುದನ್ನು ಬಿಟ್ಟೆ. ಮಾತಷ್ಟೇ ಅಲ್ಲ, 'ಮಗ' ಎನ್ನುವಲ್ಲಿ ದನಿ ಒಂದಿಷ್ಟು ಒಡೆದಿತ್ತಲ್ಲ, ಸೋಮವಾರ ನನ್ನದೂ ಅಲ್ಲೇ ಒಡೆದಿತ್ತು. ಇನ್ನೊಂದು ಮಾತು ಬಾರದಿರಲಿ ಎಂದು ಪಟ್ಟಿಯ ಸುರುಳಿಯನ್ನು ಹಿಸುಕಿ ಹಿಡಿದೆ. ಬಂತು. ಮುದುಕಿ ಬಲಗೈ ಬೆರಳನ್ನು ತುಟಿಗಿಟ್ಟುಕೊಂಡಳು.

"ಎದ್ರ ಉಣ್ಲಾಕ ಕೇಳ್ತಾನ. ಮನ್ಯಾಗ ಏನೂ ಮಾಡಿಲ್ಲ."

ನಗೆ ಅರ್ಧಕ್ಕೇ ತುಂಡಾಯಿತು. ಕಮಲಾ ಬೋಗುಣಿಯನ್ನು ನೆಲಕ್ಕಿಟ್ಟಳು. ಆದರೆ ಮುದುಕಿ ನಗೆ ಕೇಳಿಸಿಕೊಂಡಿದ್ದಳು. ಮಂಚದಿಂದಿಳಿದು, ಗೋಡೆ ಹಿಡಿದುಕೊಂಡು ಹೊರಗೆ ನಡೆದು ಗಾಡಿ ಹತ್ತಿಯೇಬಿಟ್ಟಳು. ತಮ್ಮನ ಮಗನಿಗೆ, "ಗಾಡಿ ಹೂಡಪಾ. ನಗಲಿಕತ್ತಾರ ಇಲ್ಲಿ" ಎಂದಳು.

ಗಾಡಿ ಹೊರಟರೆ ಮುದುಕಿ ಉಳಿಯುವುದಿಲ್ಲ. ಅದು ಎಲ್ಲರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಓಡಿಹೋಗಿ ನೊಗ ಹಿಡಿದುಕೊಂಡೆ. ಯಾರ ದನಿಯಲ್ಲಿ ಮಾತಾಡಲಿ? ಡಾಕ್ಟರದೋ, ಗೌಡನದೋ? ಒಂದೂ ಬರಲಿಲ್ಲ. ಬಂದದ್ದು ಯಾವುದೋ ಸಣ್ಣ, ಸೀಳು ದನಿ. ನನ್ನದೇ ಇರಬೇಕು.

"ಅವ್ವಾ, ಅವರು ನಿಮಗ ನಕ್ಕಿಲ್ರಿ. ನನಗ ನಕ್ಕಾರ."

"ನಿನಗ ಯಾಕ ನಗತಾರ?"

"ಅದು ಭಾಳ ದೊಡ್ಡ ಕತಿರಿ. ನಿಮ್ಮ ಕೈ ವಾಸಿ ಆದ ದಿನ ಹೇಳ್ತೀನಿ. ಒಳಗ ಬರ್ರಿ."

ಅವಳು ಬಲಗೈಯಿಂದ ನನ್ನ ಹೆಗಲು ಹಿಡಿದಳು. ಆಮೇಲೆ ಇಳಿದಳು.

ಡಾಕ್ಟರು ಮೂಗಿಗೆ ಔಷಧಿ ಹಿಡಿದು ಮಲಗಿಸಿ ಬೆರಳು ಬಿಡಿಸೋಣ ಎಂದರು. ಸಿಸ್ಟರ್, "ಎಚ್ಚರಾದ ಮ್ಯಾಲ ಆಕಿ ಕೈ ನೋಡ್ಕೊಂಡ್ರ ಏನ್ ಹೇಳೂಣ್ರಿ?" ಎಂದು ಅಡ್ಡ ನಿಂತರು. ಆಗ ಕಮಲಾ ನೆಲದ ಮೇಲೆ ಕೂತು, ಮುಷ್ಟಿಯಲ್ಲಿ ಏನಿದೆ ಎಂದು ಮುದುಕಿಯನ್ನೇ ಕೇಳಿದಳು. ಮುದುಕಿ ನಿಧಾನವಾಗಿ ಹೇಳಿದಳು. ಮುಷ್ಟಿಯಲ್ಲಿದ್ದದ್ದು ಮಗನ ಇಷ್ಟಲಿಂಗ. ನಿಜಾಮನ ರಾಜ್ಯ ಮುಗಿದ ಗದ್ದಲದ ವರ್ಷ ಹೊಲಕ್ಕೆ ಹೋದ ಮಗ ಮರಳಿ ಬರಲಿಲ್ಲ. ಬದುವಿನ ಮೇಲೆ ದಾರ ಹರಿದ ಲಿಂಗ, ಅದರ ಬೆಳ್ಳಿಯ ಕರಡಿಗೆ ಸಮೇತ ಸಿಕ್ಕಿತು. ಮೈಮೇಲಿಂದ ಲಿಂಗ ಇಳಿದರೆ ಮನುಷ್ಯ ಇಲ್ಲ ಎನ್ನುತ್ತಾರೆ. ಆದರೆ ಅದು ನೆಲದ ಮೇಲೇ ಉಳಿಯಲಿಲ್ಲವಲ್ಲ, ಅಂದಿನಿಂದ ತಾಯಿಯ ಮೈಮೇಲಿತ್ತು. ಅಂದಮೇಲೆ ಮಗ ಇದ್ದಾನೆ. ಹಗಲು ಸೆರಗಿನೊಳಗೆ ಎದೆಗೆ ಕಟ್ಟಿಕೊಳ್ಳುವಳು, ರಾತ್ರಿ ಮುಷ್ಟಿಯಲ್ಲಿ ಹಿಡಿದು ಮಲಗುವಳು. ಸವೆದ ಕರಡಿಗೆಯ ಅಂಚು ಅಂಗೈ ಕೊಯ್ದಿತ್ತು. ಬಾವು ಬಂದು ಬೆರಳು ಮಡಿಚಿದ್ದು ಮತ್ತೆ ಬಿಚ್ಚಿರಲಿಲ್ಲ.

ಕಮಲಾ ಮುದುಕಿಯ ಹತ್ತಿರ ಸರಿದು, "ಅಮ್ಮಾ, ಕೈಯಿಂದ ಇಳಿದ್ರೂ ಮೈಯಿಂದ ಇಳೀಲಾರದಂಗ ಮಾಡಿದ್ರ ಆಗ್ತದೇನ್ರಿ?" ಎಂದಳು. ಮುದುಕಿಯನ್ನು ಅಂಗಾತ ಮಲಗಿಸಿ, ಮುಷ್ಟಿಯನ್ನು ಅವಳ ಎದೆಯ ಮೇಲೇ ಇಟ್ಟು, ಬಿಸಿನೀರಿನ ಬಟ್ಟೆ ಹಾಕುತ್ತ ಒಂದೊಂದೇ ಬೆರಳು ಸಡಿಲಿಸಿದಳು. ಒಂದೊಂದಕ್ಕೂ ಕೇಳಿ. ಕೊನೆಯ ಬೆರಳು ಬಿಟ್ಟಾಗ ಕರಡಿಗೆ ಜಾರಿ ಎದೆಯ ಮೇಲೆ ಬಿತ್ತು. ಅದನ್ನು ಒರೆಸಿ ಎದೆಗೆ ಕಟ್ಟಲು ನಾನು ಪಟ್ಟಿ ಹರಿದುಕೊಟ್ಟೆ. ಕಟ್ಟಿಕೊಂಡವಳು ಮುದುಕಿಯೇ, ಬಲಗೈಯಿಂದ, ಹಲ್ಲಿನಲ್ಲಿ ಗಂಟು ಬಿಗಿದು. ಆಮೇಲೆ ಡಾಕ್ಟರು ಕೊಯ್ದರು. ಕೈ ಉಳಿಯಿತು. ಎರಡು ಬೆರಳು ಮಾತ್ರ ಸೆಟೆದೇ ಇದ್ದವು.

ಅಂದು ಸಂಜೆ ಸಿಸ್ಟರ್ ನನ್ನನ್ನು ನಿಲ್ಲಿಸಿಕೊಂಡರು. ನಿಜವಾದ ಒಬ್ಬ ದುಃಖಿಯನ್ನು ಎಲ್ಲೋ ನೋಡಿಬಂದು ನಕಲಿ ಮಾಡಿದೆ ಎಂದೇ ಅವರ ಗುಮಾನಿ. ಹಾಗಿದ್ದರೆ ನಾಳೆಯಿಂದ ಬರಬೇಡ ಎಂದರು. ನಾನು ಅವ್ವನ ಆಣೆ ಇಟ್ಟೆ. ಗುಂಡಗುರ್ತಿಯ ದಾರಿಯಲ್ಲಿ ನಾನು ಒಂದು ಹೆಜ್ಜೆ ಇಟ್ಟವನಲ್ಲ. ಸಿಸ್ಟರ್ ಹಳೆಯ ರಜಿಸ್ಟರುಗಳನ್ನೆಲ್ಲ ತಿರುವಿದರು, ಮುದುಕಿ ಹಿಂದೆ ಬಂದಿರಲಿಲ್ಲ. ತಮ್ಮನ ಮಗನನ್ನು ಕೇಳಿದರು. ಶಹಾಬಾದು ಇರಲಿ, ಅತ್ತೆ ಊರ ಹಳ್ಳ ದಾಟಿದ್ದೇ ಇದು ಮೊದಲು, ಮುಷ್ಟಿಯ ಮಾತಂತೂ ಮನೆಯವರೆದುರೂ ಆಡಿದವಳಲ್ಲ, ತಾನೂ ಇಲ್ಲೇ ಕೇಳಿದ್ದು ಎಂದ. ಸಿಸ್ಟರ್ ರಜಿಸ್ಟರು ಮುಚ್ಚಿ ನನ್ನನ್ನು ಒಂದು ಥರ ನೋಡಿದರು. ಆಮೇಲೆ ಅವರು ನನ್ನನ್ನು ಮಂಚದ ಮೇಲೆ ಮಲಗಿಸಲಿಲ್ಲ. ಹುಲ್ಲಿನ ಗೊಂಬೆ ಮೂಲೆಯಿಂದ ಮತ್ತೆ ಬಂತು.

ಎಲೆ ಅಡಕೆಯ ಮಾತು ಬಾಯಿಯ ದಾರಿಯಲ್ಲಿ ಎಲ್ಲಿ ತಪ್ಪಿಸಿಕೊಂಡಿತು, ಈ ಮಾತು ಎಲ್ಲಿಂದ ಹೊಕ್ಕಿತು, ನನಗೆ ಇಂದಿಗೂ ಗೊತ್ತಿಲ್ಲ. ಎಷ್ಟೋ ಸಲ ಹಾಸಿಗೆಯಲ್ಲಿ ಎಡಗೈ ಬಿಗಿಹಿಡಿದು ಆ ದನಿ ತೆಗೆಯಲು ನೋಡಿದ್ದೇನೆ. ಬಂದಿಲ್ಲ.

ಮುದುಕಿ ಊರಿಗೆ ಹೊರಟ ದಿನ ಮಾತು ಮರೆಯದೆ ನನ್ನನ್ನು ಕರೆಸಿದಳು. "ಕೈ ವಾಸಿ ಆತು. ಕತಿ ಹೇಳು." ಆರೂ ಹುಡುಗಿಯರು ಹಿಂದೆ ನಿಂತಿದ್ದರು. ನಾನು ಮುಚ್ಚಿಡದೆ ಹೇಳಿದೆ, ಟವೆಲು ಹೊದ್ದದ್ದು, ಮುಷ್ಟಿ, ಎರಡು ಮಾತು, ಕಚಗುಳಿ, ಚಪ್ಪಾಳೆ. ಬೈಯುತ್ತಾಳೆ, ಇಲ್ಲವೆ ಅಳುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅವಳು ಎದೆಯ ಮೇಲಿನ ಪಟ್ಟಿಯ ಗಂಟನ್ನು ಮುಟ್ಟಿ ನೋಡಿಕೊಂಡು, ಗಾಡಿಯಲ್ಲಿ ಸರಿಯಾಗಿ ಕೂತು ಅಂದಳು:

"ನೀ ಮೊದಲ ಅಂದಿ, ನಾ ನಾಕು ದಿನ ಬಿಟ್ಟು ಅಂದೆ. ಹಂಗಾದ್ರ ನಕಲಿ ಮಾಡಿದಾಕಿ ನಾನೇ ಆದೆನಲ್ಲೋ, ಮಗಾ. ನಗು ನೋಡೂಣು ಈಗ."