ಮರುಭೂಮಿಗೆ ಒಂದು ಕಂಬಳಿ

ಮೊನ್ನೆ ಮೊಮ್ಮಗಳು ಒಂದು ಪಟ್ಟಿ ತಂದು ನನ್ನ ಮುಂದೆ ಹಿಡಿದಳು. ರಾಯಚೂರಿನಲ್ಲಿ ನಮ್ಮ ಜೊತೆಗಿದ್ದು ಕಾಲೇಜು ಓದುವವಳು. ಈ ಡಿಸೆಂಬರಿನಲ್ಲಿ ಗೆಳತಿಯರೊಡನೆ ಜೈಸಲ್ಮೇರದ ಹತ್ತಿರ ಇರುವ ಮರುಭೂಮಿಯ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದಾಳೆ. ಹಗಲು ಉಸುಕಿನಲ್ಲಿ ನಡೆಯುವುದು, ರಾತ್ರಿ ಡೇರೆ ಹಾಕಿ ಮಲಗುವುದು.

"ಅಜ್ಜಾ, ನೀ ಹೋಗಿ ಬಂದಾಂವ. ಏನರ ಬಿಟ್ಟೀನೇನು ನೋಡು" ಅಂದಳು.

ಟೋಪಿ, ಕರಿ ಕನ್ನಡಕ, ನೀರಿನ ಬಾಟಲಿ, ಬಿಸಿಲಿಗೆ ಹಚ್ಚಿಕೊಳ್ಳುವ ಮುಲಾಮು ಎಲ್ಲ ಇತ್ತು. ಹೊದೆಯುವುದಕ್ಕೆ ಏನೂ ಇರಲಿಲ್ಲ. ನಾನು ಎದ್ದು ಹೋಗಿ ಟ್ರಂಕಿನ ತಳದಿಂದ ಒಂದು ಕರಿ ಕಂಬಳಿ ಎಳೆದು ತಂದೆ. ಅದರ ಕುರಿವಾಸನೆ ಇನ್ನೂ ಹೋಗಿಲ್ಲ. ಇಷ್ಟು ವರ್ಷ ಹಾಕಿದ ನುಸಿಗುಳಿಗೆಗಳೆಲ್ಲ ಸೋತಿವೆ. ಅವಳು ಮೂಗು ಮುಚ್ಚಿಕೊಂಡೇ ಪಟ್ಟಿಯ ಕೊನೆಗೆ "ಕಂಬಳಿ – ಒಂದು" ಎಂದು ಬರೆದುಕೊಂಡಳು. ನನಗೆ ಮಾತ್ರ ಆ ವಾಸನೆಗೆ ಖಾಜಾಸಾಬ್ ಮಾಸ್ತರು ಬಂದು ಎದುರಿಗೆ ಕೂತಂತಾಯಿತು.

ಅವರು ಮಾನ್ವಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ನಾನು ಮೊದಲು ಅವರ ಶಿಷ್ಯ. ಆಮೇಲೆ, ಎಂಬತ್ತರ ದಶಕದ ಆರಂಭದಲ್ಲಿ, ಅದೇ ಶಾಲೆಗೆ ಗಣಿತದ ಮಾಸ್ತರನಾಗಿ ಬಂದೆ. ದೇವದುರ್ಗದ ಕಡೆಯ ಗಬ್ಬೂರಿನವನು ನಾನು. ಬಸ್ಸು ಹತ್ತಿ ಮಾನ್ವಿಗೆ ಬಂದದ್ದೇ ಆಗ ನನ್ನ ದೇಶಸಂಚಾರ. ಮಾಸ್ತರು ಮರುಭೂಮಿಯ ಪಾಠ ಮಾಡಿದರೆ ಕೇಳಿದವರ ಬಾಯಿ ಒಣಗುತ್ತಿತ್ತು. ಗಂಟೆ ಹೊಡೆದದ್ದೇ ತಡ, ನೀರಿನ ಗಡಿಗೆಯ ಮುಂದೆ ಸಾಲು.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳಂತೆ: "ಸರ, ಆ ಉಸುಕಿನ ಮ್ಯಾಲೆ ಕೂತ್ರ ಬಟ್ಟಿಗಿ ಹತ್ತತದೇನ್ರಿ?"

"ಗೊತ್ತಿಲ್ಲವಾ. ನಾ ನೋಡಿಲ್ಲ" ಅಂದರಂತೆ ಮಾಸ್ತರು. ಬೇರೆಯವರಾಗಿದ್ದರೆ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದರು. ನಾನಂತೂ ಖಂಡಿತ.

ಅವತ್ತು ಸಂಜೆ ನನ್ನನ್ನು ಹಿಡಿದು ಕೂಡಿಸಿಕೊಂಡರು. "ಇಷ್ಟು ವರ್ಷ ಕಾಣದ ಊರಿನ ಹಾದಿ ಹೇಳೀನಿ ನೋಡಲೇ. ಬರೂ ವರ್ಷ ರಿಟೈರು. ಅದರೊಳಗ ಒಮ್ಮೆ ಕಣ್ಣಿಲೆ ನೋಡಿ ಬಂದು ಆ ಹುಡುಗಿಗಿ ಹೇಳಬೇಕು. ನೀ ಬರ್ತಿಯೇನು?"

"ಬರ್ತೀನ್ರಿ ಸರ" ಅಂದೆ. ಬಾಯಿಮಾತಿಗೆ ಬಸ್ಸು ಬೇಕಾಗುವುದಿಲ್ಲವಲ್ಲ.

ಮರುಭೂಮಿಯನ್ನೇ ಉದ್ಯಾನ ಮಾಡಿದ್ದಾರೆಂಬ ಸುದ್ದಿಯನ್ನು ಮಾಸ್ತರು ಪೇಪರಿನಿಂದ ಕತ್ತರಿಸಿ ಅಟ್ಲಾಸಿನಲ್ಲಿ ಇಟ್ಟುಕೊಂಡಿದ್ದರು. ಒಂದು ನೋಟುಬುಕ್ಕಿನ ತುಂಬ ಪ್ರಶ್ನೆಗಳು. ಉಸುಕಿನಲ್ಲಿ ಇರುವೆ ಇರುತ್ತವೆಯೇ? ಹಕ್ಕಿಗಳು ನೀರು ಎಲ್ಲಿ ಕುಡಿಯುತ್ತವೆ? ನಡೆದ ಹೆಜ್ಜೆ ಎಷ್ಟು ಹೊತ್ತು ಉಳಿಯುತ್ತದೆ? ಓದುತ್ತ ಹೋದಂತೆ ನನಗೂ ಚಟ ಹತ್ತಿತು. ಡೇರೆಗೆ ತಾಡಪಾಲು, ಒಂದು ಸ್ಟವ್ವು, ಹೆಗಲಿಗೆ ಬಿಳಿ ಪಂಜೆ, ಝಳ ಬಡಿಯದಂತೆ ಜೇಬಿಗೊಂದು ಉಳ್ಳಾಗಡ್ಡಿ ಎಂದು ಪಟ್ಟಿ ಬೆಳೆಯಿತು. ರವಿವಾರ ರಣರಣ ಮಧ್ಯಾಹ್ನ ಮಾನ್ವಿಯಿಂದ ನೀರಮಾನ್ವಿಯವರೆಗೆ ಛತ್ರಿ ಹಿಡಿದು ನಡೆಯುವ ಅಭ್ಯಾಸ ಶುರುವಾಯಿತು. ಬಿಸಿಲಿನಲ್ಲಿ ಹುಟ್ಟಿದವರಿಗೆ ಮರುಭೂಮಿ ಏನು ಮಹಾ ಎಂಬ ಜಂಬ ನಮ್ಮದು.

ನೀರಮಾನ್ವಿಯ ಹತ್ತಿರ ಕುರಿ ಮೇಯಿಸುತ್ತಿದ್ದ ಬೀರಪ್ಪ ಒಂದು ದಿನ ನಮ್ಮನ್ನು ನಿಲ್ಲಿಸಿದ. "ಈ ಬಿಸಿಲಾಗ ಎಲ್ಲಿಗಿ ಹೊಂಟೀರಿ ಮಾಸ್ತರ?"

"ಉಸುಕಿನ ನಾಡಿಗಿ ಹೋಗಾಕ ತಾಲೀಮು ಮಾಡಾಕತ್ತೀವಪ" ಅಂದು ಮಾಸ್ತರು ಪಟ್ಟಿಯನ್ನೆಲ್ಲ ಓದಿ ಹೇಳಿದರು.

"ಎಲ್ಲಾ ಬರೋಬರಿ ಅದ. ರಾತ್ರಿ ಏನು ಹೊದೀತೀರಿ?"

ನಾವಿಬ್ಬರೂ ನಕ್ಕೆವು. ಬೀರಪ್ಪ ನಗಲಿಲ್ಲ. "ಹಳ್ಳದ ಉಸುಕಿನಾಗ ಕುರಿ ಜೋಡಿ ಮಲಗೀನ್ರಿ. ಹಗಲು ಕಾಲು ಸುಡತದ, ಬೆಳ್ಳಿ ಮೂಡೂ ಹೊತ್ತಿಗಿ ಹಲ್ಲು ಕಟಕಟ ಅಂತಾವ. ಅಲ್ಲಿ ಬರೇ ಉಸುಕೇ ಅದ ಅಂತೀರಿ."

ಮಾಸ್ತರ ಮುಖ ಸಣ್ಣದಾಯಿತು. "ಮರಳು ಹಗಲು ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ" – ಈ ವಾಕ್ಯವನ್ನು ವರ್ಷವರ್ಷವೂ ಬಾಯಿಪಾಠ ಮಾಡಿಸಿದವರೇ ಅವರು. ಅದನ್ನು ತಪ್ಪಿ ನಾನು ಅವರಿಂದ ಛಡಿ ಏಟು ತಿಂದಿದ್ದೆ. ರಾಯಚೂರಿನ ಮೈ ನಮ್ಮದು, ತಲೆಗೆ ಗೊತ್ತಿದ್ದದ್ದನ್ನು ಅದು ನಂಬಿರಲಿಲ್ಲ.

"ಇದನ್ನ ನಾನೇ ಕಲಸ್ತೀನಿ, ಬೀರಪ್ಪ" ಅಂದರು ಮಾಸ್ತರು, ಮೆಲ್ಲಗೆ.

ಬೀರಪ್ಪ ತನ್ನ ಹೆಗಲ ಮೇಲಿನ ಕಂಬಳಿಯನ್ನು ಕೊಟ್ಟ. "ಒಯ್ರಿ. ಹೊಳ್ಳಿ ಬಂದು ಅಲ್ಲಿ ಹೆಂಗದ ಹೇಳ್ರಿ, ಸಾಕು."

ನಾನು ಎಲ್ಲರಿಗೂ ಹೇಳುತ್ತ ಬಂದ ಕಥೆಯಲ್ಲಿ ಇಲ್ಲಿಯವರೆಗಿನದು ನಿಜ. ಮುಂದಿನದನ್ನು ಮೊನ್ನೆಯವರೆಗೂ ಯಾರಿಗೂ ಹೇಳಿರಲಿಲ್ಲ, ನಿಮಗೂ ಹೇಳಿಬಿಡುತ್ತೇನೆ. ಹೊರಡುವ ದಿನ ಬೆಳಿಗ್ಗೆ ಮಾಸ್ತರು ಕರೆಯಲು ಬಂದಾಗ ನಾನು ಜ್ವರವೆಂದು ಮುಸುಕು ಹಾಕಿ ಮಲಗಿದ್ದೆ. ಜ್ವರ ಇರಲಿಲ್ಲ, ಭಯವಿತ್ತು. ಗೊತ್ತಿಲ್ಲದ ಭಾಷೆ, ಎಷ್ಟೋ ದಿನದ ರೈಲು, ಗೋಡೆಯಿಲ್ಲದ ಬಯಲು. ಯೋಜನೆ ಹಾಕುವುದೇ ನನಗೆ ಬೇಕಾಗಿತ್ತು, ಹೋಗುವುದಲ್ಲ. ಮಾಸ್ತರು ನನ್ನ ಹಣೆಯ ಮೇಲೆ ಕೈ ಇಟ್ಟರು. ಹಣೆ ಗಡಿಗೆಯಂತೆ ತಣ್ಣಗಿತ್ತು. "ಮೈ ಸುಡಾಕತ್ತದಲ್ಲೋ. ಮಲಕೋ" ಅಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಒಬ್ಬರೇ ಹೋದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ತಿರುಗಿ ಬಂದವರು ಮೊದಲು ಹೋದದ್ದು ಆ ಹುಡುಗಿಯ ತರಗತಿಗೆ. "ಹತ್ತೂದಿಲ್ಲವಾ, ಝಾಡಿಸಿದ್ರ ಹೋಗ್ತದ" ಅಂದರು. ರಿಟೈರಾಗಿ ಹೋಗುವಾಗ ಕಂಬಳಿಯನ್ನು ನನ್ನ ಕೈಗಿತ್ತರು. "ಜ್ವರ ಬಿಟ್ಟ ಮ್ಯಾಲೆ ನೀನೂ ಹೋಗಿ ಬಾ."

ಅವರ ಭೂಗೋಳದ ತರಗತಿಗಳು ನನಗೇ ಬಂದವು. ಮರುವರ್ಷ ಒಬ್ಬ ಹುಡುಗ, "ಸರ, ನೀವು ನೋಡೀರೇನ್ರಿ?" ಅಂದ. "ನೋಡೀನಿ" ಅಂದುಬಿಟ್ಟೆ. ಆಮೇಲೆ ಆ ಸುಳ್ಳಿಗೆ ಒಂಟೆ ಸೇರಿತು, ಬಿರುಗಾಳಿ ಸೇರಿತು. ಮನೆಯವರೂ ನಂಬಿದರು.

"ಇದನ್ನ ಹೊದ್ದೇ ಮಲಗಿದ್ದೇನು ಅಜ್ಜಾ, ಅಲ್ಲಿ?" ಮೊಮ್ಮಗಳು ಕಂಬಳಿ ಸವರುತ್ತ ಕೇಳಿದಳು.

"ಗೊತ್ತಿಲ್ಲವಾ. ನಾ ನೋಡಿಲ್ಲ" ಅಂದೆ. ಹೇಳಿದ ಮೇಲೆ ಎದೆ ಹಗುರಾಯಿತು. ಜ್ವರದ ಕಥೆಯನ್ನೂ ಹೇಳಿದೆ.

ಅವಳು ನನ್ನ ಹಣೆ ಮುಟ್ಟಿ ನೋಡಿ, "ಈಗಂತೂ ಜ್ವರಿಲ್ಲ" ಅಂದಳು. ಪಟ್ಟಿಯನ್ನು ಎಳೆದುಕೊಂಡು, ಕಂಬಳಿಯ ಮುಂದಿದ್ದ "ಒಂದು" ಹೊಡೆದು "ಎರಡು" ಎಂದು ಬರೆದಳು.