ತಮ್ಮನ ಡೇಟ್ ಆಫ್ ಬರ್ತ್

ಟರ್ರ್ ಎಂದು ಕಂಡಕ್ಟರನ ಮಷೀನು ಎರಡು ಸಲ ಸದ್ದು ಮಾಡುತ್ತಿತ್ತು. ಮೊದಲಿನದು ನನಗೆ, ಹೆಂಗಸರಿಗೆ ಪುಕ್ಕಟೆ ಕೊಡುವ ಟಿಕೆಟು. ಎರಡನೆಯದು ತಮ್ಮನಿಗೆ, ಪೂರ್ತಿ ದರದ್ದು. ಆ ಎರಡನೇ ಸದ್ದಿಗೆ ಅವನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ. ಈಗ ನಾನೊಬ್ಬಳೇ ಬಸ್ಸು ಹತ್ತಿದರೂ ಎರಡನೆಯದಕ್ಕಾಗಿ ಕಾಯುತ್ತೇನೆ.

ಸಕ್ಕರೆ ಕಾಯಿಲೆಯಿಂದ ಅವನ ಎಡಗಾಲಿನಲ್ಲಿ ಹುಣ್ಣಾಗಿತ್ತು. ಹುನಗುಂದದಿಂದ ಬಾಗಲಕೋಟೆಗೆ ಸೋಮವಾರಕ್ಕೊಮ್ಮೆ ಹೋಗಿ ಡ್ರೆಸ್ಸಿಂಗ್ ಮಾಡಿಸಿಕೊಳ್ಳಬೇಕು, ತಪ್ಪಿಸಿದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಇಳಕಲ್ಲಿನ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಚಿಟ್ಟವನಿಗೆ ಪೆನ್ಷನ್ ಎಲ್ಲಿಯದು? ನನಗೆ ಟೀಚರ್ ಪೆನ್ಷನ್ ಇತ್ತು. ಟಿಕೆಟ್ ನಾನು ತೆಗೆಸುತ್ತೇನೆ ಎಂದರೆ ಕೇಳುತ್ತಿರಲಿಲ್ಲ.

"ಸರ್ಕಾರ ಬಿಟ್ರ ಬಿಡ್ಲಿ, ಅಕ್ಕಾ. ನೀ ಕೊಡಬ್ಯಾಡ."

ಆಮೇಲೆ ಒಂದು ಸೋಮವಾರ ಬಿಟ್ಟು ಒಂದು ಸೋಮವಾರ ಹೋಗತೊಡಗಿದ. ಬೇಡಿಕೊಂಡೆ, ಜಗಳವಾಡಿದೆ. ಕೊನೆಗೆ ಒಂದು ಮಾತು ಕೊಟ್ಟ: ಹಿರಿಯ ನಾಗರಿಕರ ಕಾರ್ಡು ಮಾಡಿಸಿಕೊಡು, ಬಸ್ಸಿನಲ್ಲಿ ರಿಯಾಯಿತಿ ಸಿಕ್ಕರೆ ಒಂದು ವಾರವೂ ತಪ್ಪಿಸುವುದಿಲ್ಲ. ಅದೇನು ಮಹಾ ಎಂದುಕೊಂಡೆ. ಅರವತ್ತು ತುಂಬಿದ್ದರೆ ಸಾಕು. ಅವನಿಗೆ ಅರವತ್ನಾಲ್ಕು.

ನನ್ನ ಕಾರ್ಡು ಸಲೀಸಾಗಿ ಬಂದಿತ್ತು. ಹುಬ್ಬಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾನ್ವೆಂಟಿಗೆ ಹೋದವಳು ನಾನು. ಅಡ್ಮಿಷನ್ ದಿನ ಸಿಸ್ಟರ್ ಒಬ್ಬರು ಅವ್ವನನ್ನು ಎದುರಿಗೆ ಕೂರಿಸಿಕೊಂಡು, ಯಾವ ಹಬ್ಬದ ಹಿಂದೆ, ಯಾವ ಅಮಾವಾಸ್ಯೆಯ ಮುಂದೆ ಎಂದು ಕೇಳಿ ಕೇಳಿ ನನ್ನ ಡೇಟ್ ಆಫ್ ಬರ್ತ್ ಬರೆದುಕೊಂಡಿದ್ದರು. ತಮ್ಮ ಮಾತ್ರ ಹುನಗುಂದದಲ್ಲಿ ಅಜ್ಜನ ಕೈಯಲ್ಲಿ ಬೆಳೆದ. ಲಿಂಗದೀಕ್ಷೆ ಆಗದ ಕೈಗೆ ಪಾಟಿ ಕೊಡಬಾರದು ಎಂಬುದು ಅಜ್ಜನ ಹಟ. ಮನೆಯಲ್ಲಿ ಒಂದರ ಹಿಂದೊಂದು ಸಾವಾಗಿ ದೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು. ಅಂತೂ ದೀಕ್ಷೆ ಮುಗಿದು ಸಾಲೆಗೆ ಕಾಲಿಟ್ಟಾಗ ಹುಡುಗನಿಗೆ ಹನ್ನೆರಡು. ಮಾಸ್ತರರು ವಯಸ್ಸು ಕೇಳಿದರೆ, ದೀಕ್ಷೆಗೆ ಮೊದಲಿನ ವರ್ಷ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಇವನು ಹುಟ್ಟಿದ್ದೇ ಮೊನ್ನೆ ಎಂದರಂತೆ ಅಜ್ಜ. ಮೊನ್ನೆ ಹುಟ್ಟಿದವನನ್ನು ಒಂದನೇ ಇಯತ್ತೆಗೆ ಹೇಗೆ ಸೇರಿಸುವುದು? ಮಾಸ್ತರರು ನಕ್ಕು, ಆರು ವರ್ಷ ಎಂದು ಬರೆದರು.

ಮನೆಯಲ್ಲಿ ಬಹಳ ದಿನ ಇದೊಂದು ನಗುವ ಕತೆಯಾಗಿತ್ತು.

ಆಧಾರ್ ಕಾರ್ಡಿನಲ್ಲಿ ತಮ್ಮ ಮೊದಲು ತನ್ನ ಖರೆ ವಯಸ್ಸನ್ನೇ ಹೇಳಿ ಬರೆಸಿದ್ದ. ಅದನ್ನು ತಿದ್ದಿಸಿದವಳು ನಾನು. ಬ್ಯಾಂಕಿನಲ್ಲಿ ಸಾಲೆಯ ಸರ್ಟಿಫಿಕೇಟಿನ ತಾರೀಖು ಇತ್ತು, ಆಧಾರಿನಲ್ಲಿ ಬೇರೆ. ಡಾಕ್ಯುಮೆಂಟ್ಸ್ ಎಲ್ಲಾ ಟ್ಯಾಲಿ ಆಗಬೇಕು, ಪ್ರಾಪರ್ ಆಗಿರಬೇಕು ಎಂದು ಅವನನ್ನು ಸೇವಾ ಕೇಂದ್ರಕ್ಕೆ ಎಳೆದುಕೊಂಡು ಹೋದೆ. ಕಾನ್ವೆಂಟಿನಲ್ಲಿ ಕಲಿತ ನೀಟ್‌ನೆಸ್ ಅದು.

"ಖರೇದನ್ನ ಸುಳ್ಳಿಗೆ ಜೋಡಸಾಕ ಹೊಂಟೀಯಲ್ಲ ಅಕ್ಕಾ," ಎಂದಿದ್ದ. "ಹೋಗ್ಲಿ, ಆರು ವರ್ಷ ಸಣ್ಣಾವಾದೆ. ಇನ್ನೊಂದು ಹೆಣ್ಣು ನೋಡು."

ಜಿಲ್ಲಾ ಕಚೇರಿಯಲ್ಲಿ ಕಾರ್ಡಿನ ಅರ್ಜಿ ನೋಡುತ್ತಿದ್ದವಳು ಒಳ್ಳೆಯ ಹೆಣ್ಣುಮಗಳು. ತಮ್ಮನ ಕಾಲಿನ ಬ್ಯಾಂಡೇಜು ನೋಡಿ ಎದ್ದು ತನ್ನ ಖುರ್ಚಿಯನ್ನೇ ಕೊಟ್ಟಳು. ಆಧಾರ್ ತಿರುಗಿಸಿ ತಿರುಗಿಸಿ ನೋಡಿದಳು.

"ಅಜ್ಜಾರ್ನ ನೋಡಿದ್ರ ಗೊತ್ತಾಗ್ತೈತ್ರಿ ಟೀಚರ. ಆದ್ರ ನನ್ನ ಕಣ್ಣು ಪ್ರೂಫ್ ಅಲ್ಲಲ್ರಿ. ಇದರಾಗ ಐವತ್ತೆಂಟೈತಿ."

ಮೊದಲು ಖರೆ ವಯಸ್ಸೇ ಇತ್ತು, ಮತ್ತೆ ತಿದ್ದಿಸುತ್ತೇವೆ ಎಂದೆ. ಹುಟ್ಟಿದ ತಾರೀಖನ್ನು ತಿದ್ದಲು ಒಂದೇ ಸಲ ಅವಕಾಶ, ಅದು ಮುಗಿದಿದೆ. ಇನ್ನು ಕೋರ್ಟಿನಿಂದ ಜನನ ಪತ್ರ ಮಾಡಿಸಿ ಬೆಂಗಳೂರಿಗೆ ಬರೆಯಬೇಕು ಎಂದಳು. ಆಮೇಲೆ ಸಣ್ಣ ದನಿಯಲ್ಲಿ, ಮೊದಲಿನದು ಸರಿಯೇ ಇತ್ತಲ್ಲ, ತಿದ್ದಿಸಿದವರು ಯಾರು ಎಂದು ಕೇಳಿದಳು.

ನಾನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದೆ.

"ನಾನರೀ," ಎಂದ ತಮ್ಮ. "ನನಗ ತಿಳೀಲಿಲ್ಲ."

ಹೊರಗೆ ಬಂದ ಮೇಲೂ ಅವನು ನನಗೊಂದು ಮಾತು ಅನ್ನಲಿಲ್ಲ. ಎರಡು ವರ್ಷ ತಾನೇ, ಕಾಯುತ್ತೇನೆ ಬಿಡು ಎಂದ. ಅವನ ಕಾಲಿಗೆ ಎರಡು ವರ್ಷವಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ.

ಬಾಗಲಕೋಟೆಯ ವಕೀಲರೊಬ್ಬರು ಪ್ರಯತ್ನ ಮಾಡೋಣ ಎಂದರು. ಕಾಗದಗಳನ್ನೆಲ್ಲ ಫೈಲಿನಲ್ಲಿ ಹಾಕಿಕೊಂಡು ಮೂರು ದಿನ ಗೆಳತಿಯ ಮನೆಯಲ್ಲಿ ಉಳಿಯಲು ಹೊರಟೆ. ಅದು ಅವನು ತಪ್ಪಿಸುವ ಸೋಮವಾರ. ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಮೂರನೇ ದಿನ ಫೋನ್ ಬಂತು, ಕಾಲಿನ ನಂಜು ಮೈಗೆಲ್ಲ ಏರಿತ್ತು. ನಾನು ಹುನಗುಂದ ಮುಟ್ಟುವಷ್ಟರಲ್ಲಿ ಮನೆಯ ಮುಂದೆ ಜನ ಕೂಡಿದ್ದರು. ಆ ಮುಖವನ್ನು ನೋಡಿದ್ದನ್ನು ನಾನು ನೋಡಿದ್ದು ಎಂದು ಎಣಿಸುವುದಿಲ್ಲ.

ಅವನನ್ನು ಕೊನೆಯ ಸಲ ನೋಡಿದ್ದು ಬಸ್ ಸ್ಟ್ಯಾಂಡಿನಲ್ಲೇ. ನನ್ನನ್ನು ಬಸ್ಸು ಹತ್ತಿಸಿ, ಅದು ಹೊರಡುವ ತನಕ ಅಲ್ಲೇ ನಿಂತಿದ್ದ. ಕಟ್ಟೆಯ ಮೇಲೆ ಜಾಗವಿರಲಿಲ್ಲ. ಕಾಲೇಜಿನ ಹುಡುಗಿಯೊಬ್ಬಳು ಎದ್ದು ಅವನಿಗೆ ಕೂರಲು ಹೇಳಿದಳು. ಅವನು ನಗುತ್ತಾ ಏನೋ ಅಂದ, ಎಂಜಿನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ಬಲಗೈಯ ಐದು ಬೆರಳು ತೋರಿಸಿದ, ಆಮೇಲೆ ಎರಡೂ ಕೈ ಸೇರಿಸಿ ಎಂಟು. ಹುಡುಗಿ ನಕ್ಕು ಕೂತಳು. ಬಸ್ಸು ತಿರುಗುವಾಗ ಅವನು ಬಲಗಾಲಿನ ಮೇಲೆ ಭಾರ ಹಾಕಿ, ಒಂದು ಕೈಯಿಂದ ಕಂಬ ಹಿಡಿದು ನಿಂತೇ ಇದ್ದ.