ನಡುವಣ್ಣನ ಮೂಗು

ಬೆಳಗಿನ ಐದೂವರೆ. ತಗಡಿನ ಶೆಡ್ಡಿನ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಒಂದೇ ದೀಪ, ಅದರ ಕೆಳಗೆ ಸಾಮಾನನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸು, ವೈಸಿನ ಬಾಯಲ್ಲಿ ಕಿರುಬೆರಳುದ್ದದ ಒಂದು ಕೊಂಡಿ. ಐವತ್ತೆರಡು ವರ್ಷದ ಹೆಂಗಸೊಬ್ಬರು ಅರ ಹಿಡಿದು ಅದನ್ನು ಉಜ್ಜುತ್ತಿದ್ದಾರೆ. ಹತ್ತು ಸಲ ಉಜ್ಜುತ್ತಾರೆ, ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ, ಮತ್ತೆ ಹತ್ತು ಸಲ. ಕೊನೆಗೆ ಗೋಡೆಗೆ ಬಿಗಿದಿರುವ, ಹಳೆಯ ಗಾಡಿಯೊಂದರ ಹಿಂಬಾಗಿಲಿನ ತುಂಡಿಗೆ ಕೊಂಡಿಯನ್ನು ಸಿಕ್ಕಿಸಿ ಅಂಗೈಯಿಂದ ತಳ್ಳುತ್ತಾರೆ. ‘ಠಪ್’ ಎನ್ನುತ್ತದೆ.

“‘ಠಣ್’ ಅಂದ್ರೆ ಸಡಿಲ. ‘ಕಿರ್’ ಅಂದ್ರೆ ಬಿಗಿ. ‘ಠಪ್’ ಅಂದ್ರೆ ನಾನು ಟೀ ಕುಡೀಬಹುದು” ಎನ್ನುತ್ತಾರೆ ಅಕ್ಕ. ಎಲ್ಲ ಡ್ರೈವರುಗಳಿಗೂ ಇವರು ಅಕ್ಕ. ಇವರಿಗಿಂತ ಹತ್ತು ವರ್ಷ ದೊಡ್ಡವರಿಗೂ ಅಕ್ಕನೇ. ಟೀಗೆ ಮೊದಲು ಕೊಂಡಿಯನ್ನು ಗೋಡೆಯ ಮೊಳೆಗೆ ನೇತುಹಾಕುತ್ತಾರೆ. ಅಲ್ಲಿ ಆಗಲೇ ಎಂಬತ್ತೆರಡು ಕೊಂಡಿಗಳು ತೂಗುತ್ತಿವೆ. ನಾಲ್ಕು ತಿಂಗಳ ಹಿಂದೆ ಈ ಮೊಳೆಗಳೆಲ್ಲ ಖಾಲಿ ಇರುತ್ತಿದ್ದವು.

ಈ ಕೊಂಡಿ ಕೂರುವುದು ಒಂದೇ ಒಂದು ಗಾಡಿಗೆ. ದೊಡ್ಡ ಲಾರಿಗಿಂತ ಚಿಕ್ಕದು, ಗಲ್ಲಿಗಲ್ಲಿ ಸುತ್ತುವ ಪುಟ್ಟ ಗಾಡಿಗಿಂತ ದೊಡ್ಡದು. ಹಾಗಾಗಿ ಡ್ರೈವರುಗಳ ಬಾಯಲ್ಲಿ ಅದು ‘ನಡುವಣ್ಣ’. ಕಂಪನಿ ಅದರ ತಯಾರಿಕೆ ನಿಲ್ಲಿಸಿ ಹನ್ನೆರಡು ವರ್ಷವಾಯಿತು. ಎಂಜಿನ್ ಗಟ್ಟಿಮುಟ್ಟು, ಅದರ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಹಿಂಬಾಗಿಲಿನ ಎಡಗಡೆಯ ಕೊಂಡಿ ಮಾತ್ರ ಹುಟ್ಟಿನಿಂದಲೇ ಬಡಕಲು. ಭಾರ ಹೇರಿ ಎರಡು ವರ್ಷ ಓಡಿಸಿದರೆ ಮುರಿಯುತ್ತದೆ. ಗಾಡಿ ನಿಂತ ಮೇಲೆ ಬಿಡಿಭಾಗವೂ ನಿಂತುಹೋಯಿತು.

ಅಕ್ಕನ ತಂದೆ ಬೀಗದ ಕೈ ಮಾಡುತ್ತಿದ್ದವರು. ಅರ ಹಿಡಿಯುವುದನ್ನು ಅಕ್ಕ ಅವರ ಪಕ್ಕದಲ್ಲೇ ಕೂತು ಕಲಿತರು. ಮದುವೆಯಾದದ್ದು ನಡುವಣ್ಣನ ಡ್ರೈವರನ್ನು. ಒಂಬತ್ತು ವರ್ಷದ ಹಿಂದೆ ಗಂಡ ಯಾರದೋ ಮನೆ ಸಾಮಾನು ಸಾಗಿಸುವಾಗ ಏರಿನಲ್ಲಿ ಕೊಂಡಿ ಮುರಿದು, ಬಾಗಿಲು ತೆರೆದು, ನಿಲುಗನ್ನಡಿಯ ಬೀರು ರಸ್ತೆ ಪಾಲಾಯಿತು. ಮಾರನೆಯ ದಿನದಿಂದ ಅವರನ್ನು ಬಾಡಿಗೆಗೆ ಕರೆಯುವವರೇ ಇಲ್ಲ. “ಯಜಮಾನ್ರು ಮೂರು ದಿನ ಊಟ ಬಿಟ್ಟು ಕೂತ್ರು. ನಾನು ಮುರಿದ ಚೂರು ಕೈಗೆ ತಗೊಂಡು ನೋಡಿದೆ. ಅಯ್ಯೋ, ಇದೂ ಬೀಗದ ಕೈ ಥರಾನೇ ಅಲ್ವಾ ಅನ್ನಿಸ್ತು” ಎಂದು ನೆನೆಯುತ್ತಾರೆ.

ಹಳೆಯ ಸ್ಪ್ರಿಂಗ್ ಪಟ್ಟಿಯ ತುಂಡನ್ನು ಒಲೆಯಲ್ಲಿ ಕಾಯಿಸಿ, ಆರಿಸಿ, ಉಜ್ಜಿ, ಕಂಪನಿಯದಕ್ಕಿಂತ ದಪ್ಪದ ಕೊಂಡಿ ಮಾಡಿದರು. ಕಳಚಿಕೊಳ್ಳದಿರಲೆಂದು ತುದಿಯನ್ನು ಉದ್ದ ಬಿಟ್ಟು ಬಗ್ಗಿಸಿದರು. ಅದು ಬಾಗಿಲಿನಿಂದ ಹೊರಗೆ ಚಾಚಿಕೊಂಡು ನಿಂತಿತು. ಗಂಡ ಅದನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, “ಥೇಟ್ ನಿನ್ನ ಮೂಗು ಕಣೇ, ಎಲ್ಲಾದಕ್ಕೂ ಮುಂದೆ ಬರುತ್ತೆ” ಎಂದರಂತೆ. ಅಂದಿನಿಂದ ಅದಕ್ಕೆ ಅದೇ ಹೆಸರು. ಡ್ರೈವರುಗಳು ಶೆಡ್ಡಿನ ಮುಂದೆ ಹಾರ್ನ್ ಹೊಡೆದು “ಅಕ್ಕಾ, ಒಂದು ಮೂಗು ಕೊಡಿ” ಎಂದು ಕೂಗುವುದನ್ನು ಕೇಳಿ ಹೊಸಬರು ಬೆಚ್ಚಿಬೀಳುತ್ತಾರೆ.

ಒಂದು ಮೂಗಿಗೆ ಒಂದೂಕಾಲು ಗಂಟೆ. ಮೊದಲೆಲ್ಲ ದಿನಕ್ಕೆ ನಾಲ್ಕು ಮಾಡಿದರೂ ಸಾಲುತ್ತಿರಲಿಲ್ಲ. ಐದು ವರ್ಷದ ಹಿಂದೆ ಗಂಡನ ಬೆನ್ನು ಕೈಕೊಟ್ಟು ಗಾಡಿ ಮಾರಿದ ಮೇಲೆ ಮನೆ ನಡೆಯುತ್ತಿರುವುದೇ ಈ ಮೂಗಿನಿಂದ. ಈಗ ವಾರಕ್ಕೆ ಎರಡು ಹೋದರೆ ಹೆಚ್ಚು. ಆದರೂ ದಿನಕ್ಕೊಂದು ಮಾಡುವುದನ್ನು ಬಿಟ್ಟಿಲ್ಲ. “ಕೈ ಮರೀಬಾರದಲ್ಲ” ಎನ್ನುತ್ತಾರೆ, ಅಷ್ಟೇ.

ಕೆಲಸ ನಿಲ್ಲಿಸಿದ್ದು ಒಂದು ಫೋಟೊ. ನಾಲ್ಕು ತಿಂಗಳ ಹಿಂದೆ ಎಲ್ಲ ಡ್ರೈವರುಗಳ ಮೊಬೈಲಿಗೂ ಬಂತು: ಬಯಲಲ್ಲಿ ಬೂದು ಹೊದಿಕೆ ಹೊದ್ದು ನಿಂತ ಗಾಡಿ, ಕೆಳಗೆ ‘ನಡುವಣ್ಣ ಮತ್ತೆ ಬರುತ್ತಿದ್ದಾನೆ’ ಎಂಬ ಸಾಲು. ಮನೆಬಿಟ್ಟು ಹೋದ ಮಗ ವಾಪಸ್ಸಾದಷ್ಟು ಸಂಭ್ರಮ. ಬರ್ತಾನಂತೆ, ಬಣ್ಣ ಬೇರೆಯಂತೆ, ಎಂಜಿನ್ ಅದೇ ಅಂತೆ. ಹೊಸದು ಬರುವಾಗ ಹಳೆಯದಕ್ಕೆ ಯಾರು ಖರ್ಚು ಮಾಡುತ್ತಾರೆ? ಮುರಿದ ಕೊಂಡಿಯ ಜಾಗಕ್ಕೆ ಹಗ್ಗ ಬಂತು. ಕೆಲವರು ಗಾಡಿಯನ್ನೇ ಗುಜರಿಗೆ ಹಾಕಿದರು. “ನನ್ನ ಕೆಲಸ ನಿಲ್ಲಿಸೋಕೆ ಎರಡೇ ಅಕ್ಷರ ಸಾಕಾಯ್ತು ನೋಡಿ, ‘ಅಂತೆ’” ಎಂದು ಅಕ್ಕ ನಗುತ್ತಾರೆ. ಪತ್ರಿಕೆಯ ಪರವಾಗಿ ಕಂಪನಿಯ ಕಚೇರಿಗೆ ನಾನೂ ಫೋನ್ ಮಾಡಿದೆ. ‘ಸದ್ಯಕ್ಕೆ ಏನೂ ಹೇಳಲಾಗದು’ ಎಂಬ ಉತ್ತರ ಬಂತು.

ಅಕ್ಕನದು ಬಟನ್ ಫೋನು. ಹಾಗಾಗಿ ಆ ಫೋಟೊ ಅವರ ಕಣ್ಣಿಗೆ ಬಿದ್ದದ್ದೇ ಕಳೆದ ತಿಂಗಳು. ತೋರಿಸಿದ್ದು ಐಸಣ್ಣ, ಎಂದರೆ ನಡುವಣ್ಣನಲ್ಲಿ ಐಸ್ ಸಾಗಿಸುವ ಡ್ರೈವರು. ಎಲ್ಲರೂ ಗಾಡಿಯ ಮುಂಭಾಗ ನೋಡಿದ್ದರೆ ಅಕ್ಕ ನೋಡಿದ್ದು ಹಿಂಭಾಗ. ಎಡಗಡೆ, ಬಾಗಿಲಿನ ಅಂಚಿನಲ್ಲಿ, ಒಳಗಿನಿಂದ ಯಾರೋ ಬೆರಳು ಚುಚ್ಚಿದಂತೆ ಹೊದಿಕೆ ಉಬ್ಬಿತ್ತು. “ಐಸಣ್ಣ, ಇದು ನಾನು ಮಾಡಿದ ಮೂಗು. ಹೊಸ ಗಾಡಿ ಅಲ್ಲ, ನಮ್ಮದೇ ಹಳೇದಕ್ಕೆ ಯಾರೋ ಬಟ್ಟೆ ಹೊದಿಸಿದಾರೆ” ಎಂದರು. ಐಸಣ್ಣ ಮೊಬೈಲ್ ಜೇಬಿಗಿಟ್ಟುಕೊಂಡರು. “ನಿಮ್ಮ ಅಂಗಡಿ ನಡೀಬೇಕಲ್ಲ ಅಕ್ಕಾ, ಹೇಳ್ತೀರ ಬಿಡಿ.”

ಆ ಮಾತು ಅಕ್ಕನಿಗೆ ಚುಚ್ಚಿದೆ. ಆಮೇಲೆ ಗಂಡನ ಹೊರತು ಬೇರಾರ ಹತ್ತಿರವೂ ಈ ವಿಷಯ ಎತ್ತಿಲ್ಲ. “ಹೇಳಿದ್ರೆ ಹೊಟ್ಟೆಪಾಡಿಗೆ ಹೇಳ್ತಾಳೆ ಅಂತಾರೆ. ಸುಮ್ನಿದ್ರೆ ಒಳ್ಳೊಳ್ಳೆ ಗಾಡಿಗಳು ಗುಜರಿಗೆ ಹೋಗ್ತವೆ. ಏನ್ ಮಾಡ್ಲಿ ಹೇಳಿ?”

ನಾನು ಎರಡನೇ ಸಲ ಹೋದ ದಿನ, ಏಳು ಗಂಟೆಯ ಹೊತ್ತಿಗೆ ಐಸಣ್ಣನ ಗಾಡಿ ನೀರು ತೊಟ್ಟಿಕ್ಕಿಸುತ್ತ ಶೆಡ್ಡಿನ ಮುಂದೆ ನಿಲ್ಲುತ್ತದೆ. ಹಿಂಬಾಗಿಲಿಗೆ ನೀಲಿ ಹಗ್ಗ. ರಿಪೇರಿಗಲ್ಲ, ವಿದಾಯ ಹೇಳಲು ಬಂದಿದ್ದಾರೆ. “ನಾಳೆ ಗುಜರಿಯವರು ಬರ್ತಾರೆ ಅಕ್ಕಾ. ಹೊಸದು ಬರೋ ತನಕ ಬಾಡಿಗೆ ಗಾಡೀಲಿ ಹೇಗೋ ತಳ್ತೀನಿ.”

ಅಕ್ಕ ಮೊಳೆಯಿಂದ ಒಂದು ಮೂಗು ತೆಗೆಯುತ್ತಾರೆ, ಚಾಕುವಿನಿಂದ ಹಗ್ಗ ಕತ್ತರಿಸುತ್ತಾರೆ. “ಅಯ್ಯಯ್ಯೋ, ಬೇಡ ಅಕ್ಕಾ!” ಎನ್ನುತ್ತಾರೆ ಐಸಣ್ಣ. ಹತ್ತು ನಿಮಿಷದಲ್ಲಿ ಕೊಂಡಿ ಕೂರುತ್ತದೆ. ಐಸಣ್ಣ ಜೇಬಿಗೆ ಕೈಹಾಕಿದರೆ ಅಕ್ಕ ಆ ಕೈಯನ್ನು ತಡೆಯುತ್ತಾರೆ.

“ಒಂದು ಪೈಸೆ ಬೇಡ. ಈಗ ಹೇಳಿ, ನನ್ನ ಅಂಗಡಿ ನಡೀಲಿ ಅಂತ ಮಾಡಿದ್ನಾ? ಹೊಸ ಗಾಡಿ ಮನೆ ಮುಂದೆ ಬಂದು ನಿಂತ ದಿನ ಇದನ್ನ ಕಳಚಿ ತಂದುಕೊಡಿ. ಅಲ್ಲೀತನಕ ಗುಜರಿ ಮಾತು ಎತ್ತಬೇಡಿ.”

ಐಸಣ್ಣ ಒಮ್ಮೆ ಕೆಮ್ಮುತ್ತಾರೆ. ಬಾಗಿಲನ್ನು ತೆರೆದು ಮುಚ್ಚುತ್ತಾರೆ. ಠಪ್. ಇನ್ನೊಮ್ಮೆ ಮುಚ್ಚುತ್ತಾರೆ. ಆಮೇಲೆ ಮೊಬೈಲ್ ತೆಗೆದು ಗುಜರಿಯವರಿಗೆ “ನಾಳೆ ಬೇಡಪ್ಪ, ಆಮೇಲೆ ನೋಡೋಣ” ಎನ್ನುತ್ತ ಗಾಡಿ ಹತ್ತುತ್ತಾರೆ. ಕ್ಷಮೆ ಕೇಳುವುದಿಲ್ಲ. ಅಕ್ಕನೂ ಅದಕ್ಕೆ ಕಾಯುವುದಿಲ್ಲ.

ನಡುವಣ್ಣ ನಿಜವಾಗಿಯೂ ಬಂದರೆ? “ಬರಲಿ, ಯಾರು ಬೇಡ ಅಂದ್ರು? ಬರೋದಾದ್ರೆ ಆ ಕೊಂಡಿ ಸರಿಮಾಡ್ಕೊಂಡು ಬರಲಿ. ಇನ್ನೊಬ್ಬರ ಬೀರು ಬೀಳೋದು ಬೇಡ.” ಹಾಗಾದರೆ ನಿಮ್ಮ ಕೆಲಸದ ಗತಿಯೇನು ಎಂದೆ. “ಬೀಗದ ಕೈ ಇದೆಯಲ್ಲ” ಎಂದರು. ದನಿಯಲ್ಲಿ ಅಷ್ಟೇನೂ ಧೈರ್ಯವಿರಲಿಲ್ಲ.

ಹೊರಡುವಾಗ ನನ್ನ ಮೊಬೈಲಿನಲ್ಲಿ ಆ ಫೋಟೊ ಇದೆಯೇ ಎಂದು ಕೇಳಿದರು. ತೆಗೆದುಕೊಟ್ಟೆ. ಹೊದಿಕೆಯ ಉಬ್ಬನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದರು.

“ಇಷ್ಟುದ್ದದ್ದು ನಾನು ಮಾಡಿದ್ದು ಒಂದೇ. ಮೊದಲನೇದು. ಯಜಮಾನ್ರ ಗಾಡಿದು. ಸಿಟ್ಟು ಬರಬೇಕಿತ್ತು, ಇದೇ ಅಲ್ವಾ ನಮ್ಮ ಅನ್ನಕ್ಕೆ ಕಲ್ಲು ಹಾಕಿದ್ದು. ಬರಲಿಲ್ಲ ನೋಡಿ. ಒಂಬತ್ತು ವರ್ಷ ಆಯ್ತು, ಇನ್ನೂ ಹಿಡಿದಿದೆ.” ಮೊಬೈಲನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟರು. “ಪೇಪರಲ್ಲಿ ಬರೀತೀರಲ್ಲ, ಆ ಗಾಡಿಯವರಿಗೆ ಒಂದು ಮಾತು ಹೇಳಿ. ಈ ಕಡೆ ಬಂದ್ರೆ ನಿಲ್ಲಿಸೋಕೆ ಹೇಳಿ. ಆಗ ಕೈ ಪಳಗಿರಲಿಲ್ಲ, ಅರ್ಧ ಇಂಚು ಜಾಸ್ತಿ ಬಿಟ್ಟಿದ್ದೆ. ಉಜ್ಜಿ ಕೊಡ್ತೀನಿ.”